‘ಡಿಯರ್ ನಲ್’ ಎಂದು ಮೆಸೇಜ್ ಬಂದರೆ ಫೋನ್ ಹ್ಯಾಕ್ ಆಗಿದೆ ಎಂದರ್ಥವೇ?

‘ಡಿಯರ್ ನಲ್, ನಿಮ್ಮ ಪಾರ್ಸೆಲ್ ಇಂದು ತಲುಪಲಿದೆ.’ ಇಂಥದೊಂದು ಮೆಸೇಜ್ ನಿಮ್ಮ ಫೋನಿಗೂ ಎಂದಾದರೂ ಬಂದಿರಬಹುದು. ನಿಮ್ಮ ಹೆಸರು ಇರಬೇಕಾದ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ನಲ್’ ಎಂದು ಬರೆದಿರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಬೆಲೆಯ ಜಾಗದಲ್ಲಿ, ವಿಳಾಸದ ಜಾಗದಲ್ಲಿ ಕೂಡ ಇದೇ ಪದ ಕಾಣಿಸುವುದುಂಟು. ಯಾರೋ ಫೋನಿನೊಳಗೆ ನುಗ್ಗಿದ್ದಾರೆ ಎಂದು ಹೆದರಿ, ಅದರ ಸ್ಕ್ರೀನ್‌ಶಾಟನ್ನು ಮನೆಯ ಗ್ರೂಪಿಗೆ ಹಾಕುವ ಮೊದಲು ಇದನ್ನು ಓದಿ.

ಚುಟುಕಾಗಿ ಹೇಳುವುದಾದರೆ: ‘ನಲ್’ ಎಂಬ ಪದ ಕಂಡ ಮಾತ್ರಕ್ಕೆ ಫೋನ್ ಹ್ಯಾಕ್ ಆಗಿದೆ ಎಂದಲ್ಲ. ಕಳುಹಿಸಿದವರ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಇರಲಿಲ್ಲ. ‘ಹೆಸರು ಇಲ್ಲದಿದ್ದರೆ ಏನು ಮಾಡಬೇಕು’ ಎಂದು ಆ ಪ್ರೋಗ್ರಾಂ ಬರೆದವರು ಯೋಚಿಸಿರಲಿಲ್ಲ. ಹಾಗೆಂದು ಆ ಮೆಸೇಜ್ ಅಸಲಿ ಎಂದೂ ಹೇಳಲಾಗದು. ವಂಚಕರೂ ಸಾವಿರಾರು ಜನರಿಗೆ ಒಟ್ಟಿಗೆ ಮೆಸೇಜ್ ಕಳುಹಿಸಲು ಪ್ರೋಗ್ರಾಂಗಳನ್ನೇ ಬಳಸುತ್ತಾರೆ, ಅವರ ಪಟ್ಟಿಯಲ್ಲೂ ಹೆಸರು ಬಿಟ್ಟುಹೋಗಿರುತ್ತದೆ. ಆದ್ದರಿಂದ ಅದರಲ್ಲಿರುವ ಲಿಂಕ್ ಒತ್ತಬೇಡಿ. ಸಂಬಂಧಪಟ್ಟ ಆ್ಯಪನ್ನು ನೀವೇ ತೆರೆದು ನೋಡಿ.

ಇಷ್ಟೇ ಆಗಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇದೇ ‘ಇಲ್ಲದ ಮಾಹಿತಿ’ಯ ಸಮಸ್ಯೆ ಆ್ಯಪ್‌ಗಳನ್ನು ತಟ್ಟನೆ ಮುಚ್ಚಿಸಿದೆ, ಒಬ್ಬರ ದಂಡವನ್ನು ಇನ್ನೊಬ್ಬರ ತಲೆಗೆ ಕಟ್ಟಿದೆ, ಒಂದು ರಾತ್ರಿ ಜಗತ್ತಿನ ಎಷ್ಟೋ ಇಂಟರ್‌ನೆಟ್ ಸೇವೆಗಳನ್ನೇ ನಿಲ್ಲಿಸಿದೆ. ಅದಕ್ಕೆ ಪ್ರೋಗ್ರಾಮರ್‌ಗಳು ಕಂಡುಕೊಂಡ ಒಂದು ಸರಳ ಪರಿಹಾರವೂ ಇದೆ.

ನಲ್ ಎಂದರೆ ಸೊನ್ನೆಯೇ?

ಅಲ್ಲ. ಇದನ್ನು ತಿಳಿಯಲು ಶಾಲೆಯ ಅಂಕಪಟ್ಟಿ ಸಾಕು. ಒಬ್ಬ ಹುಡುಗ ಗಣಿತ ಪರೀಕ್ಷೆ ಬರೆದು ಸೊನ್ನೆ ತೆಗೆದ. ಇನ್ನೊಬ್ಬ ಜ್ವರ ಬಂದು ಪರೀಕ್ಷೆಗೇ ಬರಲಿಲ್ಲ. ಮೇಷ್ಟ್ರು ಮೊದಲನೆಯವನ ಹೆಸರಿನ ಮುಂದೆ ‘0’ ಎಂದು ಬರೆಯುತ್ತಾರೆ, ಎರಡನೆಯವನ ಮುಂದೆ ‘ಗೈರು’ ಎಂದು ಬರೆಯುತ್ತಾರೆ. ಸೊನ್ನೆ ಒಂದು ಉತ್ತರ. ಗೈರು ಎಂದರೆ ಉತ್ತರವೇ ಇಲ್ಲ.

ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಐದು ಮಕ್ಕಳಲ್ಲಿ ನಾಲ್ವರು 40, 35, 45, 40 ಅಂಕ ಪಡೆದಿದ್ದಾರೆ, ಒಬ್ಬ ಗೈರು. ಪರೀಕ್ಷೆ ಬರೆದವರ ಸರಾಸರಿ 40. ಗೈರಾದವನಿಗೆ ಸೊನ್ನೆ ಹಾಕಿ ಐವರಿಂದ ಭಾಗಿಸಿದರೆ ಸರಾಸರಿ 32ಕ್ಕೆ ಇಳಿಯುತ್ತದೆ. ಯಾರೂ ಕಡಿಮೆ ಅಂಕ ತೆಗೆದಿಲ್ಲ, ಆದರೂ ತರಗತಿಯೇ ಹಿಂದುಳಿದಂತೆ ಕಾಣುತ್ತದೆ.

ಆರೋಗ್ಯದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಲ್ಯಾಬ್ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದರೆ ಪರೀಕ್ಷೆ ಮಾಡಿ ನೋಡಿದ್ದಾರೆ, ಸಿಗಲಿಲ್ಲ. ‘ಪರೀಕ್ಷಿಸಿಲ್ಲ’ ಎಂದರೆ ನೋಡಿಯೇ ಇಲ್ಲ. ಎರಡನೆಯದನ್ನು ಮೊದಲನೆಯದು ಎಂದು ಓದಿಕೊಂಡು ನೆಮ್ಮದಿಯಿಂದ ಮನೆಗೆ ಹೋದರೆ ಅಪಾಯ ತಪ್ಪಿದ್ದಲ್ಲ.

ಕಂಪ್ಯೂಟರಿನ ಭಾಷೆಯಲ್ಲಿ ಈ ‘ಗೈರು’ ಎಂಬುದರ ಗುರುತೇ ನಲ್.

ಜೂನ್ 1ರಂದು ಹುಟ್ಟಿದವರು, 1970ರಲ್ಲಿ ತೆಗೆದ ಫೋಟೊ

‘ಗೊತ್ತಿಲ್ಲ’ ಎಂದು ಬರೆಯಲು ಜಾಗ ಇಲ್ಲದಿದ್ದರೆ ಜನ ಏನು ಮಾಡುತ್ತಾರೆ? ನಮ್ಮೂರ ಹಿರಿಯರ ದಾಖಲೆಗಳನ್ನು ತೆಗೆದು ನೋಡಿ. ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ! ಹುಟ್ಟಿದ ದಿನ ಮನೆಯವರಿಗೆ ನೆನಪಿರಲಿಲ್ಲ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಆ ಜಾಗ ಖಾಲಿ ಬಿಡುವಂತಿರಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗುವಂತೆ ಮೇಷ್ಟ್ರು ಒಂದು ತಾರೀಖು ಬರೆದರು. ಮುಂದೆ ಕೆಲಸ, ನಿವೃತ್ತಿ, ಪಿಂಚಣಿ ಎಲ್ಲವೂ ಆ ತಾರೀಖಿನ ಮೇಲೆಯೇ ನಡೆದವು. ಬರೆದ ದಿನ ಅದು ಅಂದಾಜು ಎಂದು ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತು ವರ್ಷದ ನಂತರ ದಾಖಲೆ ನೋಡುವವರಿಗೆ ಅದು ಅಂದಾಜೋ ನಿಜವೋ ಎಂದು ತಿಳಿಯುವ ದಾರಿಯೇ ಇಲ್ಲ.

ಕಂಪ್ಯೂಟರಿನ ‘ಜೂನ್ 1’ ಯಾವುದು ಗೊತ್ತೇ? 1970ರ ಜನವರಿ 1. ಬಹಳಷ್ಟು ಕಂಪ್ಯೂಟರ್ ವ್ಯವಸ್ಥೆಗಳು ಸಮಯವನ್ನು 1970ರ ಜನವರಿ 1ರ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಎಣಿಸುತ್ತವೆ. ಒಂದು ಫೋಟೊದ ತಾರೀಖು ಕಳೆದುಹೋಗಿ, ಆ ಜಾಗದಲ್ಲಿ ಸೊನ್ನೆ ಕುಳಿತರೆ ಫೋನ್ ಅದನ್ನು 1970ರ ಜನವರಿ 1 ಎಂದೇ ತೋರಿಸುತ್ತದೆ. ಭಾರತದ ಸಮಯ ಐದೂವರೆ ಗಂಟೆ ಮುಂದಿರುವುದರಿಂದ ನಮ್ಮಲ್ಲಿ ಬೆಳಗಿನ 5:30 ಎಂದು ಕಾಣುತ್ತದೆ. ಅಮೆರಿಕದವರಿಗೆ ಅದೇ 1969ರ ಡಿಸೆಂಬರ್ 31 ಎಂದು ಕಾಣುತ್ತದೆ. 2015ರ ಕೊನೆಯಲ್ಲಿ ಫೇಸ್‌ಬುಕ್ ಅನೇಕರಿಗೆ ‘ನಿಮ್ಮ ಗೆಳೆತನಕ್ಕೆ 46 ವರ್ಷ’ ಎಂದು ಶುಭ ಕೋರಿತ್ತು. ಫೇಸ್‌ಬುಕ್ ಶುರುವಾದದ್ದೇ 2004ರಲ್ಲಿ! ಈ ಸೊನ್ನೆಯೇ ಅದಕ್ಕೆ ಕಾರಣವಿರಬೇಕು ಎಂದು ಬಲ್ಲವರು ಆಗ ವಿವರಿಸಿದ್ದರು.

ನಕ್ಷೆಯಲ್ಲೂ ಹೀಗೆಯೇ. ಸ್ಥಳದ ಮಾಹಿತಿ ಇಲ್ಲದಿರುವಾಗ ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಎಂದು ದಾಖಲಾದರೆ ಆ ಬಿಂದು ಆಫ್ರಿಕಾದ ಘಾನಾ ದೇಶದ ದಕ್ಷಿಣಕ್ಕೆ ಸಮುದ್ರದ ನಡುವೆ ಹೋಗಿ ಬೀಳುತ್ತದೆ. ನಕ್ಷೆ ತಯಾರಿಸುವವರು ಆ ಜಾಗಕ್ಕೆ ತಮಾಷೆಗೆ ‘ನಲ್ ದ್ವೀಪ’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ದ್ವೀಪ ಇಲ್ಲ, ನೀರು ಮಾತ್ರ.

ಹೆಸರೇ ‘ನಲ್’ ಆದರೆ?

ಖಾಲಿ ಜಾಗಕ್ಕೆ ಏನೋ ಒಂದು ಪದ ತುಂಬಿದರೆ, ಆ ಪದವೇ ಒಂದು ದಿನ ನಿಜವಾದ ಹೆಸರಾಗಿ ಬರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವ ಒಬ್ಬರು ತಮಾಷೆಗೆಂದು ಕಾರಿಗೆ ‘ನಲ್’ ಎಂಬ ನಂಬರ್ ಪ್ಲೇಟ್ ಪಡೆದರು. ಕೆಲ ಕಾಲದ ನಂತರ ಊರೂರುಗಳಿಂದ ದಂಡದ ಚೀಟಿಗಳು ಅವರ ಮನೆಗೆ ಬರತೊಡಗಿದವು. ಬೇರೆ ಯಾರದೋ ವಾಹನಗಳ ಚೀಟಿಗಳು ಅವು. ನಂಬರ್ ಬರೆಯದೆ ಬಿಟ್ಟಿದ್ದ ಚೀಟಿಗಳೆಲ್ಲ ‘ನಲ್’ ಎಂದು ದಾಖಲಾಗಿ, ಆ ಹೆಸರಿನ ಪ್ಲೇಟ್ ಇದ್ದ ಇವರ ಖಾತೆಗೆ ಸೇರಿಕೊಂಡಂತಿತ್ತು. ಮೊತ್ತ 12,000 ಡಾಲರ್ ದಾಟಿತ್ತು. 2019ರಲ್ಲಿ ಅಮೆರಿಕದ ಡೆಫ್‌ಕಾನ್ ಸಮ್ಮೇಳನದಲ್ಲಿ ಅವರೇ ಈ ಕಥೆ ಹೇಳಿದರು.

ಕನ್ನಡಿಗರಿಗೂ ಇದರ ಬಿಸಿ ತಟ್ಟಿದೆ. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಎಂಬುದೇ ಇಲ್ಲ. ಊರಿನ, ತಂದೆಯ ಹೆಸರಿನ ಮೊದಲ ಅಕ್ಷರವನ್ನು ಇನಿಶಿಯಲ್ ಆಗಿ ಇಟ್ಟುಕೊಂಡಿರುತ್ತೇವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ಅಮೆರಿಕದ ವೀಸಾ ಪಡೆದರೆ, ಅವರ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಬರುತ್ತದೆ. ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು. ಮುಂದೆ ಅಲ್ಲಿನ ಬೇರೆ ದಾಖಲೆಗಳಲ್ಲೂ ಅದೇ ಹೆಸರಾಗಿ ನಿಂತುಬಿಡುವುದುಂಟು, ನೋಡಿದವರು ‘ಮಿಸ್ಟರ್ ಫ್ನು’ ಎಂದು ಕರೆಯುವುದೂ ಉಂಟು. ‘ಹೆಸರಿನ ಎರಡನೇ ಭಾಗ ಇಲ್ಲ’ ಎಂಬ ಸತ್ಯವನ್ನು ಹೇಳಲು ಫಾರಂನಲ್ಲಿ ಜಾಗ ಇರಲಿಲ್ಲ, ಹಾಗಾಗಿ ಒಂದು ಸುಳ್ಳು ಹೆಸರು ಹುಟ್ಟಿತು.

ಆ್ಯಪ್ ತಟ್ಟನೆ ಮುಚ್ಚಿಕೊಳ್ಳುವುದೇಕೆ?

ತಪ್ಪು ತಾರೀಖು, ತಪ್ಪು ಹೆಸರು ಒಂದು ಬಗೆಯ ತೊಂದರೆ. ಎರಡನೆಯ ಬಗೆಯಲ್ಲಿ ಪ್ರೋಗ್ರಾಂ ಕುಸಿದೇ ಬೀಳುತ್ತದೆ.

ಕಂಪ್ಯೂಟರಿನ ಮೆಮೊರಿಯಲ್ಲಿ ಪ್ರತಿಯೊಂದು ಮಾಹಿತಿಗೂ ಮನೆ ನಂಬರ್‌ನಂಥ ಒಂದು ವಿಳಾಸ ಇರುತ್ತದೆ. ಪ್ರೋಗ್ರಾಂ ಆ ವಿಳಾಸ ಹಿಡಿದು ಹೋಗಿ ಮಾಹಿತಿ ತರುತ್ತದೆ. ವಿಳಾಸದ ಚೀಟಿಯಲ್ಲಿ ‘ನಲ್’ ಎಂದಿದ್ದರೆ ಅಂಥ ಮನೆಯೇ ಇಲ್ಲ ಎಂದರ್ಥ. ಚೀಟಿ ನೋಡದೆ ಹೊರಟ ಪ್ರೋಗ್ರಾಂ ಇಲ್ಲದ ಮನೆಯ ಬಾಗಿಲು ತಟ್ಟಲು ಹೋಗಿ ಅಲ್ಲೇ ನಿಂತುಬಿಡುತ್ತದೆ. ನಿಮ್ಮ ಫೋನಿನಲ್ಲಿ ‘ಆ್ಯಪ್ ನಿಂತಿದೆ’ ಎಂಬ ಸೂಚನೆ ಬರುವುದಕ್ಕೆ ಬಹಳ ಸಾಮಾನ್ಯವಾದ ಕಾರಣಗಳಲ್ಲಿ ಇದೂ ಒಂದು.

ಈ ನಲ್ ವಿಳಾಸವನ್ನು 1965ರಲ್ಲಿ ಅಲ್ಗಾಲ್ ಡಬ್ಲ್ಯು ಎಂಬ ಕಂಪ್ಯೂಟರ್ ಭಾಷೆಗೆ ಸೇರಿಸಿದವರು ಟೋನಿ ಹೋರ್. ಕೊಲಂಬೊದಲ್ಲಿ ಹುಟ್ಟಿದ ಈ ಬ್ರಿಟಿಷ್ ವಿಜ್ಞಾನಿ ಸಾಮಾನ್ಯರಲ್ಲ. ಪಟ್ಟಿಗಳನ್ನು ಬೇಗ ಜೋಡಿಸುವ ‘ಕ್ವಿಕ್‌ಸಾರ್ಟ್’ ವಿಧಾನ ಅವರದೇ, 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೂ ಬಂತು. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರು ನಲ್ ಅನ್ನು ತಮ್ಮ ‘ನೂರು ಕೋಟಿ ಡಾಲರ್ ತಪ್ಪು’ ಎಂದು ಕರೆದು ವಿಷಾದಿಸಿದರು. ಸೇರಿಸುವುದು ತುಂಬ ಸುಲಭವಿತ್ತು, ಅದಕ್ಕೇ ಸೇರಿಸಿಬಿಟ್ಟೆ ಎಂಬುದು ಅವರು ಕೊಟ್ಟ ಕಾರಣ.

ನಲ್‌ನ ನಿಜವಾದ ದೋಷ ಏನು? ‘ಇಲ್ಲ’ ಎಂದು ಹೇಳಲು ಒಂದು ಗುರುತು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಯಾವ ಚೀಟಿಯಲ್ಲಿ ಬೇಕಾದರೂ ಅದು ಇರಬಹುದು ಎಂದು ಭಾಷೆ ಬಿಟ್ಟುಬಿಟ್ಟಿತು. ಹೊರಗಿನಿಂದ ಎಲ್ಲ ಚೀಟಿಗಳೂ ಒಂದೇ ಥರ ಕಾಣುತ್ತವೆ. ಯಾವುದನ್ನು ಪರೀಕ್ಷಿಸಬೇಕು, ಯಾವುದನ್ನು ಬೇಡ ಎಂದು ಪ್ರೋಗ್ರಾಮರ್ ನೆನಪಿಟ್ಟುಕೊಳ್ಳಬೇಕು. ಮನುಷ್ಯ ಮರೆಯುತ್ತಾನೆ.

ಒಂದು ಖಾಲಿ ಜಾಗ, ಜಗತ್ತಿನಾದ್ಯಂತ ಅಡಚಣೆ

2025ರ ಜೂನ್ 12ರಂದು ಭಾರತದಲ್ಲಿ ರಾತ್ರಿ ಹನ್ನೊಂದು ದಾಟಿದ ಹೊತ್ತಿಗೆ ಗೂಗಲ್ ಕ್ಲೌಡ್ ಸೇವೆಗಳು ಕೈಕೊಟ್ಟವು. ಅದನ್ನು ನೆಚ್ಚಿಕೊಂಡಿದ್ದ ಸ್ಪಾಟಿಫೈ, ಡಿಸ್ಕಾರ್ಡ್, ಸ್ನ್ಯಾಪ್‌ಚಾಟ್‌ನಂಥ ಸೇವೆಗಳಲ್ಲೂ ಅಡಚಣೆಯಾಯಿತು. ಏನಾಯಿತೆಂದು ಗೂಗಲ್ ತಾನೇ ವಿವರವಾಗಿ ಪ್ರಕಟಿಸಿತು.

ಬರುವ ಪ್ರತಿ ಕೋರಿಕೆಗೂ ಅನುಮತಿ ಇದೆಯೇ ಎಂದು ನೋಡುವ ಒಂದು ಪ್ರೋಗ್ರಾಂಗೆ ಮೇ 29ರಂದು ಹೊಸ ಕೋಡ್ ಸೇರಿಸಿದ್ದರು. ಮಾಹಿತಿ ಇಲ್ಲದಿದ್ದರೆ ಏನು ಮಾಡಬೇಕು ಎಂಬ ಎಚ್ಚರಿಕೆ ಆ ಕೋಡ್‌ನಲ್ಲಿ ಇರಲಿಲ್ಲ. ಎರಡು ವಾರ ಏನೂ ಆಗಲಿಲ್ಲ, ಏಕೆಂದರೆ ಆ ಭಾಗ ಚಾಲನೆಗೇ ಬಂದಿರಲಿಲ್ಲ. ಜೂನ್ 12ರಂದು ಸೇರಿಸಿದ ಒಂದು ನಿಯಮದಲ್ಲಿ ಕೆಲವು ಜಾಗಗಳು ಖಾಲಿ ಉಳಿದಿದ್ದವು. ಅದು ಸೆಕೆಂಡುಗಳಲ್ಲಿ ಜಗತ್ತಿನ ಎಲ್ಲ ಕೇಂದ್ರಗಳಿಗೂ ಹರಡಿತು. ಎಲ್ಲೆಡೆ ಪ್ರೋಗ್ರಾಂ ಆ ಖಾಲಿ ಜಾಗ ಓದಲು ಹೋಗಿ ನಲ್‌ಗೆ ಎಡವಿ ಬಿತ್ತು, ಎದ್ದು ಮತ್ತೆ ಅದನ್ನೇ ಓದಿ ಮತ್ತೆ ಬಿತ್ತು. ಎಂಜಿನಿಯರ್‌ಗಳು ಹತ್ತು ನಿಮಿಷದೊಳಗೆ ಮೂಲ ಕಾರಣ ಕಂಡುಕೊಂಡರು. ಆದರೂ ಒಂದು ದೊಡ್ಡ ಕೇಂದ್ರ ಚೇತರಿಸಿಕೊಳ್ಳಲು ಎರಡೂವರೆ ಗಂಟೆಗೂ ಹೆಚ್ಚು ಹಿಡಿಯಿತು.

ಆಪ್ಷನಲ್ ಟೈಪ್ ಎಂದರೇನು?

ಇಂಥ ಮರೆವಿಗೆ ಕಂಡುಕೊಂಡ ಪರಿಹಾರದ ಹೆಸರು ‘ಆಪ್ಷನಲ್ ಟೈಪ್’. ‘ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು’ ಎಂಬ ಬಗೆಯ ಮಾಹಿತಿ ಎಂದು ಅರ್ಥಮಾಡಿಕೊಳ್ಳಿ.

ಅಡುಗೆಮನೆಯ ಡಬ್ಬಿಗಳನ್ನು ನೆನೆಸಿಕೊಳ್ಳಿ. ಗಾಜಿನ ಡಬ್ಬಿಯಲ್ಲಿ ಸಕ್ಕರೆ ಇರುವುದು ಕಣ್ಣಿಗೆ ಕಾಣುತ್ತದೆ, ನೇರವಾಗಿ ಚಮಚ ಹಾಕಬಹುದು. ಸ್ಟೀಲ್ ಡಬ್ಬಿಯಲ್ಲಿ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಬೇಕು. ಆಪ್ಷನಲ್ ಟೈಪ್ ಇರುವ ಭಾಷೆಗಳಲ್ಲಿ ಪ್ರತಿಯೊಂದು ಮಾಹಿತಿಯೂ ಯಾವ ಡಬ್ಬಿಯಲ್ಲಿದೆ ಎಂದು ಮೊದಲೇ ಹೇಳಬೇಕು. ಖಾತೆ ಸಂಖ್ಯೆ ಕಡ್ಡಾಯವಾದರೆ ಅದು ಗಾಜಿನ ಡಬ್ಬಿ, ಅಲ್ಲಿ ‘ಇಲ್ಲ’ ಎಂಬುದಕ್ಕೆ ಅವಕಾಶವೇ ಇಲ್ಲ. ಸರ್‌ನೇಮ್ ಇಲ್ಲದಿರಬಹುದಾದರೆ ಅದು ಸ್ಟೀಲ್ ಡಬ್ಬಿ.

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯದೆ ಬಡಿಸಲು ಹೊರಟರೆ ಕಂಪೈಲರ್ ತಡೆಯುತ್ತದೆ. ಪ್ರೋಗ್ರಾಮರ್ ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ಸಾಫ್ಟ್‌ವೇರ್ ಇದು. ‘ಖಾಲಿ ಇದ್ದರೆ ಏನು ಮಾಡುತ್ತೀಯ, ಅದನ್ನು ಬರೆ’ ಎಂದು ಅದು ಪಟ್ಟು ಹಿಡಿಯುತ್ತದೆ. ಬರೆಯುವವರೆಗೆ ಆ್ಯಪ್ ಸಿದ್ಧವಾಗುವುದೇ ಇಲ್ಲ. ನಿಮ್ಮ ಫೋನಿನಲ್ಲಿ ಗೊತ್ತಾಗಬೇಕಿದ್ದ ತಪ್ಪು ಪ್ರೋಗ್ರಾಮರ್‌ನ ಮೇಜಿನ ಮೇಲೆಯೇ ಗೊತ್ತಾಗುತ್ತದೆ.

ಆಂಡ್ರಾಯ್ಡ್ ಆ್ಯಪ್‌ಗಳಿಗೆ ಬಳಸುವ ಕಾಟ್ಲಿನ್, ಐಫೋನ್ ಆ್ಯಪ್‌ಗಳಿಗೆ ಬಳಸುವ ಸ್ವಿಫ್ಟ್ ಎರಡರಲ್ಲೂ ಈ ವ್ಯವಸ್ಥೆ ಇದೆ. ಮಾಹಿತಿಯ ಬಗೆಯ ಪಕ್ಕದಲ್ಲಿ ‘?’ ಚಿಹ್ನೆ ಹಾಕಿದರೆ ಅದು ಸ್ಟೀಲ್ ಡಬ್ಬಿ ಎಂದರ್ಥ. ಜಾವಾ ಭಾಷೆಗೆ 2014ರಲ್ಲಿ ‘ಆಪ್ಷನಲ್’ ಬಂತು. ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡಲು ಬಳಸುವ ಡಾರ್ಟ್ ಭಾಷೆ 2021ರಲ್ಲಿ ಈ ದಾರಿ ಹಿಡಿಯಿತು. ಕಾಟ್ಲಿನ್ ಕೋಡ್ ಇರುವ ಆ್ಯಪ್‌ಗಳು ಕುಸಿಯುವ ಸಾಧ್ಯತೆ ಶೇ. 20ರಷ್ಟು ಕಡಿಮೆ ಎಂದು ಗೂಗಲ್ ಹೇಳುತ್ತದೆ. ಎಚ್ಚರ ವಹಿಸುವ ತಂಡಗಳೇ ಹೊಸ ಭಾಷೆಗೆ ಬೇಗ ಹೋಗಿರಬಹುದಾದ್ದರಿಂದ ಈ ಲಾಭವೆಲ್ಲ ‘?’ ಚಿಹ್ನೆಯದೇ ಎನ್ನಲಾಗದು.

ಖಾಲಿ ಇದ್ದರೆ ಏನು ಮಾಡಬೇಕು?

ಕಂಪೈಲರ್ ಪ್ರಶ್ನೆ ಕೇಳುತ್ತದೆ, ಉತ್ತರ ಕೊಡಬೇಕಾದವರು ಮನುಷ್ಯರು. ಆ ಉತ್ತರ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ.

ಹೆಸರು ಇಲ್ಲದಿದ್ದರೆ ‘ಪ್ರಿಯ ಗ್ರಾಹಕರೇ’ ಎಂದು ಬರೆದರೆ ಸಾಕು, ಯಾರಿಗೂ ನಷ್ಟವಿಲ್ಲ. ಫೋಟೊದ ತಾರೀಖು ಇಲ್ಲದಿದ್ದರೆ ‘ತಾರೀಖು ತಿಳಿದಿಲ್ಲ’ ಎಂದು ತೋರಿಸಬಹುದು. ಆದರೆ ಮಗುವಿನ ತೂಕ ನೋಡಿ ಔಷಧದ ಪ್ರಮಾಣ ಲೆಕ್ಕ ಹಾಕುವ ಪ್ರೋಗ್ರಾಂನಲ್ಲಿ ತೂಕದ ಜಾಗ ಖಾಲಿ ಇದ್ದರೆ? ಅಲ್ಲಿ ಸೊನ್ನೆ ಹಾಕುವುದೂ ಅಪಾಯ, ‘ಸಾಮಾನ್ಯವಾಗಿ ಇಷ್ಟಿರುತ್ತದೆ’ ಎಂದು ಅಂದಾಜು ಹಾಕುವುದು ಇನ್ನೂ ಅಪಾಯ, ಏಕೆಂದರೆ ಅಂದಾಜು ನಿಜದಂತೆಯೇ ಕಾಣುತ್ತದೆ. ಅಲ್ಲಿ ಪ್ರೋಗ್ರಾಂ ನಿಲ್ಲಬೇಕು, ‘ತೂಕ ನಮೂದಿಸಿ’ ಎಂದು ಕೇಳಬೇಕು. ಕುಸಿಯದ ಪ್ರೋಗ್ರಾಂ ಎಲ್ಲ ಸಲವೂ ಸರಿಯಾದ ಪ್ರೋಗ್ರಾಂ ಆಗಿರುವುದಿಲ್ಲ.

ಇದರಿಂದ ಎಲ್ಲವೂ ಸರಿಹೋಯಿತೇ?

ಇಲ್ಲ. ಕಂಪೈಲರ್‌ನ ಕಾಟ ತಪ್ಪಿಸಿಕೊಳ್ಳುವ ಕಳ್ಳದಾರಿಯೂ ಇದೆ. ಕಾಟ್ಲಿನ್‌ನಲ್ಲಿ ‘!!’ ಎಂದು ಬರೆದರೆ ‘ಇದೆ ಎಂದು ನನಗೆ ಗೊತ್ತು, ಸುಮ್ಮನಿರು’ ಎಂದಂತೆ. ರಸ್ಟ್ ಭಾಷೆಯಲ್ಲಿ ‘ಅನ್‌ರ್‍ಯಾಪ್’ ಎಂಬುದಿದೆ. ನಿಜವಾಗಿ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

2025ರ ನವೆಂಬರ್ 18ರ ಸಂಜೆ ಎಕ್ಸ್, ಚಾಟ್‌ಜಿಪಿಟಿ ಸೇರಿ ಅನೇಕ ತಾಣಗಳು ತೆರೆಯದೇ ಹೋದದ್ದು ನೆನಪಿರಬಹುದು. ಅವುಗಳ ಮುಂದೆ ಕಾವಲು ಕಾಯುವ ಕ್ಲೌಡ್‌ಫ್ಲೇರ್ ಸಂಸ್ಥೆಯಲ್ಲಿ ಒಂದು ಫೈಲ್ ಇರಬೇಕಾದದ್ದಕ್ಕಿಂತ ದೊಡ್ಡದಾಗಿ ಬೆಳೆದಿತ್ತು. ಅದನ್ನು ಓದುವ ರಸ್ಟ್ ಪ್ರೋಗ್ರಾಂ ‘ಫಲಿತಾಂಶ ಅಥವಾ ದೋಷ’ ಎಂಬ, ಆಪ್ಷನಲ್‌ನ ದಾಯಾದಿಯಂಥ ಡಬ್ಬಿಯನ್ನು ಕೊಟ್ಟಿತ್ತು. ಕೋಡ್ ಅದನ್ನು ಪರೀಕ್ಷಿಸದೆ ‘ಅನ್‌ರ್‍ಯಾಪ್’ ಮಾಡಿತು. ಒಳಗೆ ದೋಷ ಇತ್ತು, ಪ್ರೋಗ್ರಾಂ ನಿಂತಿತು. ಹೆಲ್ಮೆಟ್ ಬೈಕಿನ ಹಿಂದೆ ನೇತುಹಾಕಿಕೊಂಡು ಹೋದರೆ ತಲೆ ಉಳಿಯದು.

ಕ್ರೌಡ್‌ಸ್ಟ್ರೈಕ್ ಅವಾಂತರಕ್ಕೂ ನಲ್ ಕಾರಣವೇ?

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ‘ಇದು ಬರೀ ನಲ್ ತಪ್ಪು’ ಎಂಬ ವಿವರಣೆ ಆಗ ಎಲ್ಲೆಡೆ ಹರಿದಾಡಿತು.

ಅದು ಸರಿಯಲ್ಲ. ಫೈಲ್‌ನಲ್ಲಿದ್ದ ನಲ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಸಂಸ್ಥೆ ಮರುದಿನವೇ ಹೇಳಿತು. ಆಗಸ್ಟ್‌ನಲ್ಲಿ ಬಂದ ವಿವರವಾದ ವರದಿಯ ಪ್ರಕಾರ, ನಿಯಮದಲ್ಲಿ 21 ಮಾಹಿತಿ ಎಂದು ಬರೆದಿತ್ತು, ಕೋಡ್ ಕೊಟ್ಟದ್ದು 20 ಮಾತ್ರ. ಇಪ್ಪತ್ತೊಂದನೆಯದನ್ನು ಓದಲು ಹೋದ ಪ್ರೋಗ್ರಾಂ ತನ್ನ ಗಡಿ ದಾಟಿ ಬೇರೆ ಮೆಮೊರಿಗೆ ಕೈಹಾಕಿತು. ನಲ್‌ನ ಕೆಲಸ ಇದಲ್ಲ, ಆದರೂ ಪಾಠ ಒಂದೇ: ಇದೆ ಎಂದುಕೊಂಡದ್ದು ಇರಲಿಲ್ಲ, ಇದೆಯೇ ಎಂದು ಯಾರೂ ಕೇಳಲಿಲ್ಲ.

ನಾವು ಏನು ಮಾಡಬಹುದು?

- ‘ನಲ್’ ಎಂದಿರುವ ಮೆಸೇಜ್ ಬಂದರೆ ಗಾಬರಿ ಬೇಡ, ಲಿಂಕ್ ಒತ್ತುವುದೂ ಬೇಡ. ಫೋನ್ ಹ್ಯಾಕ್ ಆಗಿದೆ ಎಂದು ಫಾರ್ವರ್ಡ್ ಮಾಡಬೇಡಿ.
- 1970ರ ತಾರೀಖು ಕಂಡರೆ ಅದನ್ನು ಸಾಕ್ಷಿಯಾಗಿ ಬಳಸಬೇಡಿ. ತಾರೀಖು ಕಳೆದುಹೋಗಿದೆ ಎಂದೇ ತಿಳಿಯಿರಿ.
- ಲ್ಯಾಬ್ ವರದಿಯಲ್ಲಿ ಅಡ್ಡಗೆರೆ ಅಥವಾ ಖಾಲಿ ಜಾಗ ಇದ್ದರೆ ಅದನ್ನು ‘ಎಲ್ಲ ಸರಿಯಿದೆ’ ಎಂದು ಓದಿಕೊಳ್ಳಬೇಡಿ. ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ.
- ಫಾರಂ ತುಂಬುವಾಗ ಕಡ್ಡಾಯವಲ್ಲದ ಜಾಗದಲ್ಲಿ ಸುಮ್ಮನೆ ಏನನ್ನಾದರೂ ತುಂಬಬೇಡಿ. ಇಂದು ತುಂಬಿದ ಅಂದಾಜು ನಾಳೆ ದಾಖಲೆಯಾಗುತ್ತದೆ.
- ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗ ಖಾಲಿ ಬಿಡುವ ಮೊದಲು, ಹೋಗಲಿರುವ ದೇಶದ ನಿಯಮ ಏನೆಂದು ವಿಚಾರಿಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಯುಎಇ 2022ರ ನವೆಂಬರ್‌ನಿಂದ ಸಂದರ್ಶಕ ವೀಸಾಕ್ಕೆ ನಿರ್ಬಂಧ ಹಾಕಿತ್ತು.

ಫಾರ್ವರ್ಡ್‌ಗಳಿಗೂ ಈ ಮಾತು ಸಲ್ಲುತ್ತದೆ. ಒಂದು ಸುದ್ದಿ ನಿಜ ಎನ್ನಲು ಆಧಾರ ಸಿಗದಿದ್ದಾಗ ನಾವು ಆ ಖಾಲಿ ಜಾಗವನ್ನು ‘ಇರಬಹುದು’, ‘ಎಲ್ಲರೂ ಹೇಳುತ್ತಿದ್ದಾರೆ’ ಎಂದು ತುಂಬಿ ಮುಂದಕ್ಕೆ ಕಳುಹಿಸುತ್ತೇವೆ. ಕಂಪೈಲರ್‌ನ ಹಾಗೆ ನಮ್ಮನ್ನು ತಡೆದು ಕೇಳುವವರು ಅಲ್ಲಿ ಯಾರೂ ಇಲ್ಲ. ಮುಚ್ಚಳ ತೆಗೆದು ನೋಡುವ ಕೆಲಸ ನಮ್ಮದೇ. ಒಳಗೆ ಏನೂ ಇಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಹೇಳಿ ಸುಮ್ಮನಿದ್ದುಬಿಡಿ.